ಗೋಡೆಯ ಗೂಡಿನಲ್ಲಿ ನನ್ನ ಕೂದಲು

ನಾರಾಯಣಪೇಟೆಗೆ ಬಂದ ಎಂಟನೆಯ ತಿಂಗಳಲ್ಲಿ, ಪಕ್ಕದ ಮನೆಯ ಗೋಡೆಯ ಗೂಡಿನೊಳಗೆ ನನ್ನ ತಲೆಗೂದಲು ಕಣ್ಣಿಗೆ ಬಿತ್ತು. ಸೊಂಟ ದಾಟುವಷ್ಟು ಉದ್ದ, ಬುಡದಲ್ಲಿ ಬಿಳಿ, ತುದಿಯಲ್ಲಿ ಇನ್ನೂ ಕಪ್ಪು. ಈ ಓಣಿಯಲ್ಲಿ ಅಂಥದ್ದು ನನ್ನದೊಂದೇ. ಯಾರೋ ಅದನ್ನು ಉಂಡೆ ಕಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ತುರುಕಿಟ್ಟಿದ್ದರು.

ನಾನು ಕುಂದಾಪುರದ ಕಡೆಯವಳು. ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದೆ. ಐದೂವರೆಗೆ ಗಂಟೆ, ಆರೂವರೆಗೆ ಎಲ್ಲರ ಜಡೆಯ ತಪಾಸಣೆ. ನನ್ನ ತಲೆಗೂ ನಿಯಮವಿತ್ತು. ಶನಿವಾರ ಸಂಜೆ ಬೆಚ್ಚಗಿನ ತೆಂಗಿನೆಣ್ಣೆ. ಭಾನುವಾರ ಏಳಕ್ಕೆ ದಾಸವಾಳದ ಎಲೆ ಕಿವುಚಿದ ಲೋಳೆ, ಉಗುರುಬೆಚ್ಚಗಿನ ನೀರು. ದಟ್ಟ ಕೂದಲನ್ನು ಎಂದೂ ಬುಡದಿಂದ ಬಾಚಬಾರದು. ತುದಿಯ ಸಿಕ್ಕು ಬಿಡಿಸಿಕೊಂಡು ಮೇಲೆ ಹೋಗಬೇಕು. ಉದುರಿದ್ದನ್ನು ಬೆರಳಿಗೆ ಸುತ್ತಿ ಬಚ್ಚಲೊಲೆಗೆ ಹಾಕಬೇಕು. ಹುಡುಗಿಯರಿಗೆ ಅದು ಶುಚಿತ್ವವೆಂದು ಹೇಳುತ್ತಿದ್ದೆ. ಕೂದಲು ಪರರ ಕೈಗೆ ಸಿಕ್ಕರೆ ಮಾಟ ಮಾಡುತ್ತಾರೆಂದು ಅಜ್ಜಿ ಹೆದರಿಸಿದ್ದನ್ನು ಹೇಳುತ್ತಿರಲಿಲ್ಲ.

ಯಜಮಾನರು ತೀರಿಕೊಂಡ ಮೇಲೆ ಮಗಳು ಶಾರದೆಯ ಜೊತೆ ಇಲ್ಲಿಗೆ ಬಂದೆ. ಅವಳಿಗೆ ಮಕ್ತಲ್‌ನಲ್ಲಿ ಬ್ಯಾಂಕ್ ಕೆಲಸ. ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ಸಂಜೆಗೆ. ನಮ್ಮಲ್ಲಿ ಬಾವಿಯ ನೀರು ತಲೆಯ ಮೇಲೆ ಹೊಯ್ದರೆ ಜಾರುತ್ತದೆ. ಇಲ್ಲಿ ಬೋರಿನ ಸವುಳು ನೀರು. ಮೊದಲ ಸ್ನಾನಕ್ಕೇ ಕೂದಲು ತೆಂಗಿನ ನಾರಾಯಿತು. ಇದು ಗಡಿಯೂರು; ಇಲ್ಲಿಯವರದೂ ಕನ್ನಡವೇ, ಆದರೆ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ಅಂಟುವಾಳಕ್ಕೆ ‘ಕುಂಕುಡುಕಾಯಿ’ ಎನ್ನುತ್ತಾರೆಂದು ತಿಳಿಯಲು ನಾಲ್ಕು ಅಂಗಡಿ ಸುತ್ತಿದೆ. ಹತ್ತು ಕಾಯಿ ನೆನೆಸಿ ತಿಕ್ಕಿದರೆ ಆ ನೀರಿನಲ್ಲೂ ನೊರೆ ಬರುತ್ತಿತ್ತು. ಅಷ್ಟರಲ್ಲಿ ಬಲ ಭುಜ ಹಿಡಿದುಕೊಂಡಿತು. ಕೈ ಕಿವಿಯಿಂದ ಮೇಲೆ ಏಳದು.

ಆಗ ಬಂದವಳು ಪಕ್ಕದ ಮನೆಯ ನರ್ಸಮ್ಮ, ಸೀರೆ ನೇಯುವವಳು. ಮಗ್ಗದ ಎಳೆ ಬಿಡಿಸುವ ಬೆರಳುಗಳಲ್ಲಿ ನನ್ನ ಸಿಕ್ಕು ಬಿಡಿಸುತ್ತಿದ್ದಳು. ಹೇಳಿಕೊಡದೆಯೇ ತುದಿಯಿಂದ ಶುರುಮಾಡಿದಳು. “ಅಮ್ಮಾರ, ನಿಮ್ಮ ತಲಿ ಬಾಚೋದ್ರಾಗ ನಾ ಒಂದು ಮೊಳ ಸೀರಿ ನೇಯ್ತಿದ್ದೆ ನೋಡ್ರಿ,” ಎಂದು ಭಾನುವಾರಕ್ಕೊಮ್ಮೆ ಹಂಗಿಸುತ್ತಿದ್ದಳು. ಈ ಊರಿನಲ್ಲಿ ನನ್ನನ್ನು ಮುಟ್ಟಿ ಮಾತಾಡಿಸುತ್ತಿದ್ದ ಹೊರಗಿನವಳು ಅವಳೊಬ್ಬಳೇ. ಅವಳು ಬರುತ್ತಿರುವವರೆಗೂ ನನ್ನ ಜಡೆ ಉಳಿಯುತ್ತದೆಂದು ಧೈರ್ಯವಿತ್ತು.

ಆ ದಿನ ಮೊಸರು ಕೇಳಲು ಹೋದವಳು ಗೂಡಿನಲ್ಲಿದ್ದ ಆ ಚೀಲ ಕಂಡೆ. ಏಕೆಂದು ಮೊದಲು ಕೇಳಲಿಲ್ಲ. ತೆಗೆದುಕೊಂಡು ಹೋಗಿ, ಅವಳು ನೋಡುತ್ತಿದ್ದಂತೆಯೇ, ಅವಳ ಉರಿಯುವ ಒಲೆಗೆ ಹಾಕಿದೆ. “ನನ್ನ ಕೂದಲು ನಿಮಗೆ ಎಂತಕ್ಕೆ?” ಎಂದು ಹಾಸ್ಟೆಲಿನ ದನಿಯಲ್ಲೇ ಕೇಳಿದೆ. ಕಮಟು ವಾಸನೆ ಮನೆ ತುಂಬಿತು.

ನರ್ಸಮ್ಮ ದನಿ ಏರಿಸಲಿಲ್ಲ. “ಅದ್ರಾಗ ನಂದೂ ಇತ್ರಿ, ನಮ್ಮ ಅತ್ತೀದೂ ಇತ್ತು. ಉಗಾದಿಗೆ ಹೊಸಾ ಕೊಡ ತಗೊಳ್ಳಾಕ ವರ್ಷದಿಂದ ಕೂಡಿಸಿದ್ದೆ. ನಾ ಮಾಟ ಮಾಡ್ತೀನಿ ಅಂದ್ಕೊಂಡ್ರೇನು?”

ನಾನು ಮೊಸರಿಗೆ ತಂದ ಪಾತ್ರೆ ಎತ್ತಿಕೊಂಡು ಮನೆಗೆ ಬಂದೆ. ಗದ್ವಾಲ ಕಡೆಯಿಂದ ಒಬ್ಬ ವ್ಯಾಪಾರಿ ಬರುತ್ತಾನಂತೆ, ‘ವೆಂಟ್ರುಕಲಕು ಸಾಮಾನ್ಲು’, ಅಂದರೆ ಕೂದಲಿಗೆ ಪಾತ್ರೆ, ಎಂದು ಕೂಗುತ್ತ. ಓಣಿಯ ಹೆಂಗಸರೆಲ್ಲ ಉದುರಿದ ಕೂದಲನ್ನು ಅವನಿಗಾಗಿ ಎತ್ತಿಡುತ್ತಾರೆ. ಇದನ್ನು ಶಾರದೆ ಆ ಸಂಜೆ ಹೇಳಿದಳು. ನಾನು ಮರುದಿನವೇ ಹೋಗಿ ತಪ್ಪಾಯಿತೆನ್ನಬೇಕಿತ್ತು. ಹೋಗಲಿಲ್ಲ. ಮೂವತ್ತೊಂದು ವರ್ಷ ಹುಡುಗಿಯರಿಂದ ಕ್ಷಮೆ ಕೇಳಿಸಿಕೊಂಡವಳಿಗೆ ತಾನು ಕೇಳುವ ಅಭ್ಯಾಸ ಇರಲಿಲ್ಲ.

ಭಾನುವಾರ ನರ್ಸಮ್ಮ ಬರಲಿಲ್ಲ. ಮುಂದಿನ ವಾರವೂ ಇಲ್ಲ. ನಾಲ್ಕನೆಯ ವಾರಕ್ಕೆ ಸವುಳು ನೀರು, ಬೆವರು, ಎಣ್ಣೆ ಸೇರಿ ಬೆನ್ನ ಮೇಲೆ ಹಗ್ಗದಂಥ ಗಂಟು. ಶಾರದೆ ಬಾಚಲು ಕೂತು ಹಣಿಗೆಯ ಹಲ್ಲು ಮುರಿದಳು. ನಾನು ಸ್ಟೂಲಿನ ಮೇಲೆ ಕೂತು, ಗಂಟಿನ ಮೇಲಿಂದ, ಕುತ್ತಿಗೆಯ ಹತ್ತಿರ ಕತ್ತರಿಸು ಎಂದೆ. ಅವಳು ಕತ್ತರಿ ತಂದು ಕತ್ತರಿಸಿದಳು. ಹೇನಾದ ಹುಡುಗಿಯರಿಗೆ ನಾನೂ ಹೀಗೆಯೇ ಮಾಡಿದ್ದೆ. ಒಬ್ಬಳು ತನ್ನ ಜಡೆಯನ್ನು ಮನೆಗೆ ಒಯ್ಯುತ್ತೇನೆಂದು ಬೇಡಿದ್ದಳು. ಒಲೆಗೆ ಹಾಕುವುದೇ ನಿಯಮ ಎಂದಿದ್ದೆ.

ನನ್ನದನ್ನು ಒಲೆಗೆ ಹಾಕಲಿಲ್ಲ. ಪೇಪರಿನಲ್ಲಿ ಸುತ್ತಿ ನರ್ಸಮ್ಮನ ಬಾಗಿಲಿಗೆ ಹೋದೆ. ಅವಳು ಮಗ್ಗದಿಂದೆದ್ದು ಬಂದು ಮೊದಲು ನನ್ನ ಕುತ್ತಿಗೆ ನೋಡಿದಳು, ಆಮೇಲೆ ಪೊಟ್ಟಣ.

“ತಪ್ಪಾಯಿತು ನರ್ಸಮ್ಮ,” ಎಂದೆ.

“ಒಂದು ಮಾತು ಕರದಿದ್ರ ಬರ್ತಿದ್ದೆನಲ್ರಿ,” ಎಂದಳು. “ಗ್ವಾಡಿ ಆಚೀಗೇ ಇದ್ದೆ.”

ಪೊಟ್ಟಣವನ್ನು ಅವಳ ಕೈಗಿಟ್ಟೆ.

ವ್ಯಾಪಾರಿ ಬಂದಾಗ ಅವಳೇ ಗಂಟು ಬಿಡಿಸಿ, ಎಳೆಯ ಮೇಲೆ ಎಳೆ ಜೋಡಿಸಿ ಕೊಟ್ಟಳು. ಅವಳ ಮನೆಗೆ ಸ್ಟೀಲಿನ ಕೊಡ ಬಂತು. ಬೆಳಿಗ್ಗೆ ನಲ್ಲಿಯ ಹತ್ತಿರ ಅದು ತುಂಬುವ ಸದ್ದು ನನ್ನ ಕೋಣೆಗೆ ಕೇಳುತ್ತದೆ. ಕುಂದಾಪುರದಿಂದ ತಂಗಿ ಫೋನಿನಲ್ಲಿ, ಅಲ್ಲಿನ ನೀರಿಗೆ ಜಡೆ ಹೇಗಿದೆ ಎಂದು ಕೇಳುತ್ತಾಳೆ. ಚೆನ್ನಾಗಿದೆ ಎನ್ನುತ್ತೇನೆ. ಊರಿನವರ ಪಾಲಿಗೆ ಅದು ಇನ್ನೂ ನನ್ನ ಬೆನ್ನ ಮೇಲಿದೆ, ಇಲ್ಲಿಯವರ ಪಾಲಿಗೆ ನಲ್ಲಿಯ ಕೆಳಗಿದೆ.

ನರ್ಸಮ್ಮ ಮತ್ತೆ ಭಾನುವಾರ ಬರುತ್ತಾಳೆ. ಕೆಲಸ ಐದು ನಿಮಿಷಕ್ಕೆ ಮುಗಿಯುತ್ತದೆ. ಈ ತಲೆಗೆ ಮೂರು ಅಂಟುವಾಳದ ಕಾಯಿ ಸಾಕು. ಆದರೂ ಶನಿವಾರ ಸಂಜೆ ನಾನು ನೆನೆಸಿಟ್ಟದ್ದನ್ನು ಎಣಿಸಿ ನೋಡಿದರೆ ನೀರಿನಲ್ಲಿ ಹತ್ತು ಇರುತ್ತವೆ.