ಸುಭದ್ರಾಬಾಯಿಯ ಒಂದು ತಂಬಿಗೆ ನೀರು

ಸುಭದ್ರಾಬಾಯಿಯ ಬಚ್ಚಲಿನ ಬಗ್ಗೆ ನಾನು ಇಷ್ಟು ಅಧಿಕಾರದಿಂದ ಮಾತಾಡುವುದಕ್ಕೆ ಕಾರಣವಿದೆ. ಆಕೆಯ ಫ್ಲ್ಯಾಟಿನ ನಂಬರು ಇನ್ನೂರಾ ಏಳು, ನನ್ನದು ನೂರಾ ಏಳು. ಆಕೆಯ ಬಚ್ಚಲಿನ ನೆಲವೇ ನನ್ನ ಬಚ್ಚಲಿನ ಛಾವಣಿ. ಹೀಗಾಗಿ ಆಕೆಯ ಮೇಲೆ ನನಗಿರುವ ಗೌರವದಲ್ಲಿ ಸ್ವಲ್ಪ ಸ್ವಾರ್ಥವೂ ಇದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಾನು ಹಾವಗೆಪ್ಪ. ಬೀದರಿನ ಸರಕಾರಿ ಕಚೇರಿಗಳ ಎದುರು, ಬೇವಿನ ಗಿಡದ ಕೆಳಗೆ ಟೇಬಲ್ ಹಾಕಿಕೊಂಡು ಇಪ್ಪತ್ತು ವರ್ಷದಿಂದ ಮಂದಿಯ ಅರ್ಜಿ ಬರೆಯುತ್ತಿದ್ದೇನೆ. ಎರಡು ವರ್ಷ ಸತತ ಮಳೆ ಕೈಕೊಟ್ಟು ಭಾಲ್ಕಿ, ಔರಾದ ಕಡೆಯ ಜನ ಹೈದರಾಬಾದಿನ ಬಸ್ಸು ಹತ್ತುತ್ತಿದ್ದ ಕಾಲಕ್ಕೇ ಊರಾಚೆ ಈ ಮನೆಗಳ ಯೋಜನೆ ಬಂತು. ಜಾಗ ಸರಕಾರದ್ದು, ಕಟ್ಟುವುದು ಖಾಸಗಿ ಕಂಪನಿ. ಬೆಲೆಯಲ್ಲಿ ಒಂದು ಪಾಲು ಸರಕಾರ ಭರಿಸುತ್ತದೆ, ಉಳಿದದ್ದು ನಮ್ಮದು ಮತ್ತು ಬ್ಯಾಂಕಿನದು. ಗಾಂಧಿ ಗಂಜ್ ಮಾರುಕಟ್ಟೆಯ ಚಹದಂಗಡಿಗಳಲ್ಲಿ ವಾರವಿಡೀ ಇದೇ ಚರ್ಚೆ. ಬರೀ ಸರಕಾರದ್ದಾದರೆ ಕೆಲಸ ಬುನಾದಿಗೇ ನಿಲ್ಲುತ್ತದೆ ಎಂದು ಕೆಲವರು, ಬರೀ ಕಂಪನಿಯದಾದರೆ ಮುಂಗಡ ಎತ್ತಿಕೊಂಡು ಓಡುತ್ತಾರೆ ಎಂದು ಕೆಲವರು. ಭಾತಂಬ್ರಾದ ಸುಭದ್ರಾಬಾಯಿ ನನ್ನ ಟೇಬಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ತೀರ್ಪು ಕೊಟ್ಟಳು.

"ಇಬ್ಬರೂ ಕೂಡಿದ್ರ ಚಲೋನೇ ಆಯ್ತಲ್ರಿ ಅಣ್ಣಾ. ಅವಗ ಇವ ಕಾವಲ, ಇವಗ ಅವ ಕಾವಲ."

"ಇಬ್ಬರೂ ಒಂದಾಗಿಬಿಟ್ರ?"

"ಅದಕ್ಕ ನಾ ಇದ್ದೇನಲ್ರಿ."

ನಾನು ನಕ್ಕುಬಿಟ್ಟೆ. ನಗಬಾರದಿತ್ತು.

ಸುಭದ್ರಾಬಾಯಿಯ ಗಂಡ ಪಂಢರಿ ಗೌಂಡಿ ಕೆಲಸದವನು. ಅವನು ಗೋಡೆ ಕಟ್ಟಿದರೆ ಈಕೆ ಸಿಮೆಂಟು ಹೊರುವವಳು. ಹದಿನಾರು ವರ್ಷ ಇಬ್ಬರೂ ಹೈದರಾಬಾದಿನಲ್ಲಿ ದುಡಿದಿದ್ದರು. ಮೊದಲು ಬೇಸಿಗೆಗಷ್ಟೇ ಹೋಗುತ್ತಿದ್ದವರು ಬರ ಬಿದ್ದ ಮೇಲೆ ವರ್ಷಪೂರ್ತಿ ಅಲ್ಲೇ ಉಳಿದರು. ಏಳುತ್ತಿರುವ ಕಟ್ಟಡದ ಪಕ್ಕದಲ್ಲೇ ತಗಡಿನ ಶೆಡ್ಡು. ಕಟ್ಟಡ ಮುಗಿದ ದಿನವೇ ಶೆಡ್ಡು ಕಿತ್ತು, ಸಲಿಕೆ ಕರಣಿ ಬುಟ್ಟಿಗೆ ತುಂಬಿ, ಮಾಲೀಕರು ಬರುವ ಮೊದಲೇ ಜಾಗ ಖಾಲಿ ಮಾಡಬೇಕು.

ಅಫಿಡವಿಟ್ಟಿನಲ್ಲಿ 'ದೇಶದಲ್ಲಿ ಎಲ್ಲಿಯೂ ನನಗೆ ಪಕ್ಕಾ ಮನೆ ಇರುವುದಿಲ್ಲ' ಎಂದು ಬರೆದು ಓದಿ ಹೇಳಿದೆ. ಆಕೆ ಬೆರಳು ಮಡಚತೊಡಗಿದಳು.

"ಮಿಯಾಪುರದಾಗ ಐದಂತಸ್ತಿಂದು ಎರಡು, ಕುಕಟಪಲ್ಲಿದಾಗ ಒಂದು, ಆಮ್ಯಾಲ..."

"ಕಟ್ಟಿದ್ದಲ್ಲ ಬಾಯಿ. ನಿನ್ನವು ಎಷ್ಟು?"

"ನನ್ನವಾ?" ಮಡಚಿದ ಬೆರಳೆಲ್ಲ ಬಿಚ್ಚಿದಳು. "ಹಂಗಾದ್ರ ನೀವು ಬರ್ದಿದ್ದೇ ಖರೆ ಅದರಿ."

ಆಕೆ ನಗುತ್ತಲೇ ಹೇಳಿದಳು. ನಾನು ಮಾತ್ರ ತಲೆ ತಗ್ಗಿಸಿ ಹಾಳೆ ತಿರುವಿದೆ.

ಮನೆ ಹೆಂಗಸಿನ ಹೆಸರಿಗೇ ಆಗಬೇಕೆಂಬುದು ಯೋಜನೆಯ ನಿಯಮ. ನೂರಾ ಏಳು ನನ್ನದು ಎಂದೆನಲ್ಲ, ಕಾಗದದ ಮೇಲೆ ಅದು ನನ್ನ ಹೆಂಡತಿ ಕಸ್ತೂರಿಬಾಯಿಯದು. ನಿಯಮ ಕೇಳಿದ ಪಂಢರಿ ಟೋಪಿ ತೆಗೆದು ತಲೆ ಕೆರೆದುಕೊಂಡ.

"ನಂದೇನೂ ಇಲ್ಲೇನ್ರಿ ಇದ್ರಾಗ?"

"ಸಾಕ್ಷಿ ಸಹಿ ಅದ," ಎಂದೆ.

ಅಷ್ಟಕ್ಕೇ ಖುಷಿಯಾಗಿ, ಕೆಳಗಿನ ಎರಡು ಸಾಲು ಮುಚ್ಚಿಹೋಗುವಷ್ಟು ದೊಡ್ಡ ಸಹಿ ಹಾಕಿದ. ಆ ಹಾಳೆಯನ್ನು ನಾನು ಮತ್ತೆ ಬರೆಯಬೇಕಾಯಿತು.

ಮನೆಗಳು ಎದ್ದವು. ಚೀಟಿ ಎತ್ತಿ ನಂಬರು ಹಂಚಿದರು. ಒಂದು ಭಾನುವಾರ ಎಲ್ಲರೂ ಬಂದು ತಮ್ಮ ತಮ್ಮ ಮನೆ ನೋಡಿ, 'ನೋಡಿದ್ದೇನೆ, ಒಪ್ಪಿದ್ದೇನೆ' ಎಂಬ ಕಾಗದಕ್ಕೆ ಸಹಿ ಮಾಡಬೇಕೆಂದು ಹೇಳಿಕಳಿಸಿದರು. ಸಹಿ ಮಾಡದವರ ಮನೆ ಕಾಯುವ ಪಟ್ಟಿಯಲ್ಲಿದ್ದವರಿಗೆ ಹೋಗುತ್ತದೆ. ನಾನು ಗೋಡೆಯ ಬಣ್ಣ ನೋಡಿ, ಬಾಗಿಲಲ್ಲೇ ನಿಂತು, ಕಸ್ತೂರಿಬಾಯಿಯಿಂದ ಸಹಿ ಮಾಡಿಸಿದೆ. ಊರಿಗೆಲ್ಲ 'ಓದಿ ಸಹಿ ಮಾಡ್ರಿ' ಎಂದು ಬುದ್ಧಿ ಹೇಳುವವನು ನಾನೇ.

ಸುಭದ್ರಾಬಾಯಿ ಸೆರಗಿನ ಮರೆಯಲ್ಲಿ ಒಂದು ತಂಬಿಗೆ ನೀರು ಹಿಡಿದುಕೊಂಡು ಬಂದಿದ್ದಳು. ನಮ್ಮ ಗಲ್ಲಿಗೆ ಎಂಟು ದಿನಕ್ಕೊಮ್ಮೆ ನಲ್ಲಿ ಬರುತ್ತಿದ್ದ ಕಾಲ ಅದು. ನಾನೂ ಮೇಲೆ ಹತ್ತಿ ನೋಡುತ್ತಿದ್ದಂತೆ, ಇನ್ನೂರಾ ಏಳರ ಗೋಡೆಗಳನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿ ಪಾಸು ಮಾಡಿದಳು. ಕಿಟಕಿ ಹತ್ತು ಸಲ ತೆರೆದು ಮುಚ್ಚಿದಳು. ಆಮೇಲೆ ಬಚ್ಚಲಿಗೆ ಹೋಗಿ ನೀರು ಸುರಿದಳು.

"ಅರೇ ಬಾಯಿ, ಇಂಥಾ ಬರದಾಗ ನೀರು ಚೆಲ್ತೀರಿ?" ಎಂದರು ಕಂಪನಿಯ ಇಂಜಿನಿಯರು ರಶೀದ ಅಹ್ಮದ.

ನೀರು ಮೂಲೆಯ ತೂಬಿನ ಜಾಲರಿಯ ಕಡೆ ಹೋಗಲಿಲ್ಲ. ಸ್ವಲ್ಪ ಹೊತ್ತು ನಿಂತು ಯೋಚನೆ ಮಾಡಿ, ತಿರುಗಿ ಪಡಸಾಲೆಯ ಕಡೆ ಹೊರಟಿತು.

"ಯಾವ ಕುರುಡ ಗೌಂಡಿ ಹಾಕ್ಯಾನ್ರಿ ಈ ಇಳಿಜಾರ?" ಸುಭದ್ರಾಬಾಯಿಯ ಧ್ವನಿ ಮೂರೂ ಮಹಡಿಗೆ ಕೇಳಿತು. "ಇವನ ಕೈಯಾಗ ಕರಣಿ ಕೊಟ್ಟವರು ಯಾರ್ರಿ? ಇಂಥವನ ಜೋಡಿ ಇವನ ಹೆಂಡ್ತಿ ಹ್ಯಾಂಗ ಬಾಳ್ವಿ ಮಾಡ್ತಾಳೋ, ಪಾಪ!"

ಪಂಢರಿಗೆ ಒಮ್ಮೆಲೇ ಕೆಮ್ಮು ಬಂತು.

"ಸಹಿ ಮಾಡ್ರಿ, ಆಮ್ಯಾಲ ನೋಡೋಣು," ಎಂದರು ರಶೀದ ಅಹ್ಮದ. "ಇಲ್ಲಂದ್ರ ಮನಿ ಕೈ ಬಿಟ್ಟು ಹೋಗ್ತದ ನೋಡ್ರಿ."

ಅದು ಸುಳ್ಳು ಬೆದರಿಕೆಯಾಗಿರಲಿಲ್ಲ. ಕಾಯುವ ಪಟ್ಟಿಯ ಮೊದಲನೆಯವನಾದ ಮುಜೀಬೋದ್ದೀನ, ಗಂಜಿನಲ್ಲಿ ಕೈಗಾಡಿ ಎಳೆಯುವವನು, ಹೊಸ ಅಂಗಿ ತೊಟ್ಟು ಮೆಟ್ಟಿಲ ಮೇಲೆ ನಿಂತೇ ಇದ್ದ. "ನನಗ ನಡೀತದ್ರಿ ಸಾಹೇಬ್ರ," ಎಂದ. "ನೀರು ಎಲ್ಲಿ ಬೇಕಾದ್ರ ಹೋಗ್ಲಿ."

ಸುಭದ್ರಾಬಾಯಿಯ ಮುಖ ಬಿಳಿಚಿಕೊಂಡಿತು. ಖಾಲಿ ತಂಬಿಗೆಯನ್ನು ಸೊಂಟಕ್ಕೆ ಒತ್ತಿ ಹಿಡಿದಳು. "ಮಾಡಿಬಿಡ," ಎಂದು ಪಂಢರಿ ಪಿಸುಗುಟ್ಟಿದ. ಆಕೆ ಅವನ ಕಡೆ ನೋಡಲಿಲ್ಲ.

"ಹದಿನಾರು ವರ್ಷ ಮಂದಿ ಮನಿಗಿ ಇಳಿಜಾರ ನೋಡಿ ಕೊಟ್ಟೀನ್ರಿ ಸಾಹೇಬ್ರ. ನನ್ನ ಮನಿಗಿ ನೋಡ್ಬಾರ್ದೇನ್ರಿ? ದುರಸ್ತಿ ಮಾಡಿಕೊಡ್ತೇವಂತ ಬರ್ದು ಕೊಡ್ರಿ. ಈಗಿಂದೀಗ ಸಹಿ ಮಾಡ್ತೇನಿ."

ರಶೀದ ಅಹ್ಮದರು ನಿಟ್ಟುಸಿರು ಬಿಟ್ಟು, ಈ ಬಚ್ಚಲು ಯಾರ ಕೆಲಸವೆಂದು ನೋಡಲು ರಜಿಸ್ಟರು ತೆಗೆದರು. ಹಾಳೆ ತಿರುವುವ ಮೊದಲೇ ಪಂಢರಿ ಬಾಯಿಬಿಟ್ಟ.

"ರಜಿಸ್ಟರ ಬ್ಯಾಡ್ರಿ. ನಾನೇ."

ಹೋದ ವರ್ಷದ ಬೇಸಿಗೆಯಲ್ಲಿ ಹೆಂಡತಿಯನ್ನು ಹೈದರಾಬಾದಿನಲ್ಲೇ ಬಿಟ್ಟು ಹನ್ನೊಂದು ದಿನ ಊರಿಗೆ ಬಂದಿದ್ದಾಗ, ಇಲ್ಲೇ ಕೂಲಿ ಸಿಕ್ಕಿತ್ತಂತೆ. ಬಂದ ಒಂದು ಟ್ಯಾಂಕರು ನೀರು ಗೋಡೆಗೆ ಕುಡಿಸುವುದಕ್ಕೇ ಸಾಲುತ್ತಿರಲಿಲ್ಲ. ಸುರಿದು ನೋಡಲು ಒಂದು ತಂಬಿಗೆಯೂ ಇಲ್ಲದೆ, ಕಣ್ಣಳತೆಯ ಮೇಲೆಯೇ ಹಾಕಿದ್ದ. ಯಾರ ಮನೆಯೆಂದು ಯಾರಿಗೆ ಗೊತ್ತಿತ್ತು?

ಸುಭದ್ರಾಬಾಯಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಬರ್ಕೋರಿ ಅಣ್ಣಾ," ಎಂದಳು ನನಗೆ.

ಗಂಡನ ಮೇಲೆ ಹೆಂಡತಿ ಕೊಟ್ಟ ದೂರುಗಳನ್ನು ನಾನು ಬೇಕಾದಷ್ಟು ಬರೆದಿದ್ದೇನೆ. ಬಚ್ಚಲಿನ ಇಳಿಜಾರಿನ ಬಗ್ಗೆ ಬರೆದದ್ದು ಅದೇ ಮೊದಲು. ರಶೀದ ಅಹ್ಮದರು ನಗು ತಡೆಯಲಾಗದೆ ಕಿಟಕಿಯ ಕಡೆ ತಿರುಗಿಯೇ ದುರಸ್ತಿಗೆ ಒಪ್ಪಿ ಸಹಿ ಹಾಕಿದರು. ಆಮೇಲೆ ಆಕೆಯೂ ಹಾಕಿದಳು. ಕೆಳಗಿನ ಚಹದಂಗಡಿಯಿಂದ ಒಂದು ತಂಬಿಗೆ ನೀರು ಬೇಡಿ ತಂದು ನಾನು ನನ್ನ ಬಚ್ಚಲಿಗೂ ಸುರಿದೆ. ಪುಣ್ಯಕ್ಕೆ ಅದು ಬೇರೆ ಗೌಂಡಿಯ ಕೆಲಸ. ಮುಜೀಬೋದ್ದೀನನಿಗೆ ಮುಂದೆ ಪಕ್ಕದ ಬ್ಲಾಕಿನಲ್ಲಿ ಮನೆ ಸಿಕ್ಕಿತು, ಅವನೂ ತಂಬಿಗೆ ಒಯ್ದಿದ್ದ.

ಮಾರನೆಯ ದಿನವೇ ಪಂಢರಿ ಟೈಲ್ಸು ಕಿತ್ತು ಮತ್ತೆ ಹಾಕತೊಡಗಿದ. ಸುಭದ್ರಾಬಾಯಿ ಎಂದಿನಂತೆ ಸಿಮೆಂಟು ಹೊತ್ತು ಕೊಟ್ಟಳು, ಎಂದಿಗಿಂತ ಹೆಚ್ಚಾಗಿ ಬೈದಳು. ಗುರುವಾರ ಸಂಜೆ ನಾನು ಮೇಲೆ ಹೋದಾಗ ಆಕೆ ತಂಬಿಗೆ ಎತ್ತಿ ಸುರಿದಳು. ನೀರು ಅತ್ತಿತ್ತ ನೋಡದೆ ನೇರ ಜಾಲರಿಗೆ ಇಳಿಯಿತು.

ಆಕೆ ಸೆರಗಿಗೆ ಕೈ ಒರೆಸಿಕೊಂಡಳು. ಕರಣಿ, ಸಲಿಕೆ, ಲೆವಲ್ ಪಟ್ಟಿ ಎಲ್ಲ ಬುಟ್ಟಿಗೆ ತುಂಬಿದಳು. ಬುಟ್ಟಿ ತಲೆಯ ಮೇಲಿಟ್ಟು ಸರಸರನೆ ಮೆಟ್ಟಿಲಿಳಿದಳು. ನನ್ನ ಮನೆಯ ಬಾಗಿಲವರೆಗೆ ಇಳಿದಿದ್ದಳು, ಅಷ್ಟರಲ್ಲಿ ಮೇಲಿನಿಂದ ಪಂಢರಿ ಕೂಗಿದ.

"ಎಲ್ಲಿಗಿ ಹೊಂಟಿ?"

"ಕೆಲಸ ಮುಗೀತಲ್ಲ. ನೀನೂ ನಡಿ."

"ಏ ಹುಚ್ಚಿ, ಇದು ನಮ್ಮನಿ ಅದ."

ಆಕೆ ನಿಂತಳು. ಬುಟ್ಟಿ ಕೆಳಗಿಟ್ಟು ಅದೇ ಮೆಟ್ಟಿಲ ಮೇಲೆ ಕೂತು ಸೆರಗು ಮುಖಕ್ಕೆ ಒತ್ತಿಕೊಂಡಳು. ಆಕೆಯ ಹಿಂದೆಯೇ ಇಳಿದು ಬಂದಿದ್ದ ನಾನು ಜೇಬಿನಲ್ಲಿ ಕೀಲಿಕೈ ಹುಡುಕುತ್ತ ನಿಂತೆ.

ಸ್ವಲ್ಪ ಹೊತ್ತಿನ ಮೇಲೆ ಎದ್ದು, ಬುಟ್ಟಿ ಅಲ್ಲೇ ಬಿಟ್ಟು, ಒಂದೊಂದೇ ಮೆಟ್ಟಿಲು ಹತ್ತಿದಳು. ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. ಪಂಢರಿ ಪಡಸಾಲೆಯ ನಡುವೆ ಸಿಮೆಂಟು ಮೆತ್ತಿದ ಕಾಲಿನಲ್ಲಿ ನಿಂತಿದ್ದ.

"ಮೊದಲ ಕಾಲ ತೊಳ್ಕೋ ನಡಿ," ಎಂದಳು. "ನನ್ನ ಮನಿ ಹೊಲಸ ಮಾಡ್ತಿ."

ಪಂಢರಿ ಬಚ್ಚಲಿಗೆ ಹೋಗಿ ಕಾಲು ತೊಳೆದುಕೊಂಡ.