ಹೊನ್ನಯ್ಯನಿಗೆ ಹಕಾರದ ಭಯ

ನಮ್ಮ ವಿಶ್ವವಿದ್ಯಾಲಯದ ಭಾಷಾವಿಜ್ಞಾನ ವಿಭಾಗದಲ್ಲಿ ನನ್ನ ಪಕ್ಕದ ಮೇಜಿನ ಹೊನ್ನಯ್ಯನಿಗೆ ಹಾವಿಗಿಂತ 'ಹ' ಅಕ್ಷರದ ಭಯ ಹೆಚ್ಚು. ಮದ್ದೂರು ಕಡೆಯ ಬೆಸಗರಹಳ್ಳಿಯವನು, ಆ ಕಡೆಯ ಮಾತಿನಲ್ಲಿ 'ಹ' ನಿಲ್ಲುವುದಿಲ್ಲ; ತನ್ನ ಹೆಸರು ಹೇಳುವಾಗಲೂ ಬಾವಿಗೆ ಧುಮುಕುವವನ ಹಾಗೆ ಉಸಿರೆಳೆದುಕೊಳ್ಳುತ್ತಾನೆ. ಮೊದಲ ಸೆಮಿನಾರಿನಲ್ಲಿ ಎಲ್ಲಿ 'ಹ' ಬಿಟ್ಟುಹೋದೀತೋ ಎಂದು ಹೆದರಿ, ಬೇಡದ ಕಡೆ ಸೇರಿಸಿ, ಅಕ್ಕಿ ರೊಟ್ಟಿಯನ್ನು 'ಹಕ್ಕಿ ರೊಟ್ಟಿ' ಅಂದುಬಿಟ್ಟ. "ಕೊಕ್ಕರೆ ಬೆಳ್ಳೂರಿಂದ ತರಿಸಿದ್ದೇನ್ರೀ?" ಅಂತ ಯಾರೋ ಕೇಳಿದರು, ಸಭೆಯೆಲ್ಲ ನಕ್ಕಿತು. ಅಂದಿನಿಂದ ಪುಣ್ಯಾತ್ಮ ಕ್ಯಾಂಟೀನಿನಲ್ಲೂ ಹಾಲು ಅನ್ನದೆ ಕ್ಷೀರ ಕೇಳುತ್ತಾನೆ, ಹಳ್ಳಿಗೆ ಗ್ರಾಮ ಅನ್ನುತ್ತಾನೆ, ಹಸಿವಾದರೆ ಸುಮ್ಮನಿರುತ್ತಾನೆ. ಇಂಥವನ ಸಂಶೋಧನೆಯೋ, ಮಂಡ್ಯ, ಮದ್ದೂರು, ಮಳವಳ್ಳಿ ಜನ ಆಡುವ ಮಾತನ್ನು ರೆಕಾರ್ಡ್ ಮಾಡಿ, ಇದ್ದದ್ದು ಇದ್ದ ಹಾಗೇ ಬರೆದು, ಆ ಲಕ್ಷಗಟ್ಟಲೆ ಪದಗಳಲ್ಲಿ 'ಹ' ಎಲ್ಲೆಲ್ಲಿ ಬಿದ್ದುಹೋಗಿದೆ ಎಂದು ಕಂಪ್ಯೂಟರಿನಲ್ಲಿ ಹುಡುಕುವುದು! ಬೇರೆಯವರು 'ಹೋಗ್ತೀನಿ' ಅನ್ನಲು 'ಓಯ್ತೀನಿ' ಅಂದರೆ "ಎಷ್ಟು ಚೆಂದ!" ಅಂತ ಕುಣಿಯುತ್ತಾನೆ, ತನ್ನ ಬಾಯಲ್ಲಿ ಬಂದರೆ ಬೆವರುತ್ತಾನೆ. ಮುಂದಿನ ವಾರ ಅವನ ವೈವಾ. ಈಗಲೇ 'ಹ' ಇಲ್ಲದ ಉತ್ತರಗಳನ್ನು ಬರೆದು ಬಾಯಿಪಾಠ ಮಾಡುತ್ತಿದ್ದಾನೆ. ಮೊನ್ನೆ ಅವನ ಕಂಪ್ಯೂಟರಿನಲ್ಲಿ, ಎಣಿಕೆಗೆ ಸೇರಿಸದೆ ಬದಿಗಿಟ್ಟ 'ಅವ್ವ' ಎಂಬ ಕಡತ ಕಂಡು, ಕೇಳಿಸಯ್ಯ ಅಂದೆ. ಅವನವ್ವ ಮಾಯಮ್ಮ, ಒಂದು ಕೂಗು ಹಾಕಿದರೆ ಮೂರು ಬೀದಿ ತಿರುಗಿ ನೋಡುವ ಹೆಂಗಸು. ಆದರೆ ರೆಕಾರ್ಡಿನಲ್ಲಿ ಬಹಳ ಹೊತ್ತು ಬಳೆಯ ಸದ್ದು ಬಿಟ್ಟರೆ ಏನೂ ಇಲ್ಲ. ಕೊನೆಗೊಂದು ಪಿಸುಮಾತು: "ಅದ್ನ ಆಪ್ ಮಾಡ್ಬುಡು ಮಗ. ನಾನ್ ಬಾಯ್ಬುಟ್ರೆ ಅಲ್ಲಿ ನಿನ್ ಮಾನ ಓಯ್ತದೆ."