ಹಗೇವಿಗೆ ಇಳಿದ ಕಂದೀಲು

ಒಲೆಗೆ ಹಾಕುವ ಕುಳ್ಳಿನ ಬುಟ್ಟಿಗೆ ಕೈ ಹಾಕುವ ಮುಂಚೆ ನಾನು ಅದನ್ನು ಕಾಲಿನಿಂದ ಒಮ್ಮೆ ಒದೆಯುತ್ತೇನೆ. ಒಳಗೆ ಚೇಳು ಮಲಗಿದ್ದರೆ ಅದಕ್ಕೂ ಒಂದು ಮುನ್ಸೂಚನೆ ಬೇಕಲ್ಲ! ಕಂಬಳಿಯನ್ನು ಜಾಡಿಸದೆ ಹಾಸುವುದಿಲ್ಲ, ಒಲೆಯ ಮುಂದೆ ಕೂಡುವಾಗ ಸೆರಗನ್ನು ಸೊಂಟಕ್ಕೆ ಬಿಗಿಯದೆ ಕೊಳ್ಳಿ ಮುಟ್ಟುವುದಿಲ್ಲ. ಇದಕ್ಕೆಲ್ಲ ನಮ್ಮ ಯಜಮಾನರು ನನಗೆ ಕೊಟ್ಟ ಹುದ್ದೆ 'ಮನೀ ಪೊಲೀಸ್ ಪಾಟೀಲ್ತಿ'. ಅತನೂರಿನ ತವರಿನಿಂದ ಮಾದನಹಿಪ್ಪರಗಾಕ್ಕೆ ಬಂದಾಗ ಹುದ್ದೆ ಸಣ್ಣದಿತ್ತು. ವಯಸ್ಸಾದಂತೆ ನನ್ನ ಸುತ್ತಳತೆಯ ಜೊತೆಗೆ ಅದೂ ಬೆಳೆಯಿತು.

ಗಂಡಸರ ಕಾಳಜಿಯ ರೀತಿಯೇ ಬೇರೆ. ಬಂಡಿಗೆ ನಿಂಬೆಹಣ್ಣು ಕಟ್ಟುವುದನ್ನು ಅವರು ಎಂದೂ ಮರೆಯುವುದಿಲ್ಲ. ಗಾಲಿ ಕಳಚದಂತೆ ಹಿಡಿಯುವ ಕಡಾಣಿ ಗಟ್ಟಿಯಿದೆಯೇ ಎಂದು ನೋಡುವುದನ್ನು ಮಾತ್ರ ದೇವರಿಗೆ ಬಿಟ್ಟಿರುತ್ತಾರೆ. ದೇವರಿಗೆ ಬೇರೆ ಕೆಲಸವಿಲ್ಲವೆ?

ಯುದ್ಧದ ದಿನಗಳ ಮಾತು. ಮರುದಿನ ಸಂಜೆ ಮಗಳನ್ನು ನೋಡಲು ಅಫಜಲಪುರದ ಕಡೆಯಿಂದ ಬೀಗರು ಬರುವವರಿದ್ದರು. ಮನೆಯಲ್ಲಿ ರೊಟ್ಟಿಗೆ ಜೋಳವಿರಲಿಲ್ಲ. ಹಗೇವು ತೆಗೆಯಲೇಬೇಕಾಯಿತು. ಅಂಗಳದಲ್ಲಿ ಬಾವಿಯಂತೆ ತೋಡಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ ಕಣಜವದು. ಒಳಗಿನ ಗಾಳಿ ಕೆಟ್ಟಿರುತ್ತದೆ. ತೆರೆದ ಕೂಡಲೇ ಇಳಿದವರ ಉಸಿರು ಅಲ್ಲಿಯೇ ನಿಂತೀತು. ಅದಕ್ಕೇ ಮೊದಲು ಉರಿಯುವ ಕಂದೀಲನ್ನು ಇಳಿಬಿಡುವುದು ನಮ್ಮ ಕಡೆಯ ಪದ್ಧತಿ. ದೀಪ ನಿಂತರೆ ಮನುಷ್ಯನೂ ನಿಂತಾನು.

ಕಂದೀಲು ಇಳಿಯಿತು. ಅರ್ಧ ದಾರಿಯಲ್ಲೇ ಆರಿತು.

ಸಹಾಯಕ್ಕೆ ಬಂದಿದ್ದ ಪಕ್ಕದ ಮನೆಯ ಗುರಲಿಂಗಣ್ಣ ಕೂಡಲೇ ತೀರ್ಪು ಕೊಟ್ಟ: "ಲಡಾಯಿ ಎಣ್ಣಿ ಅದು. ಅರ್ಧಾ ನೀರs ಇರ್ತದ."

ಯುದ್ಧದಿಂದಾಗಿ ಆಗ ಚಿಮಣಿ ಎಣ್ಣೆ ಸಿಗುವುದೇ ಕಷ್ಟ, ಸಿಕ್ಕರೂ ಕಲಬೆರಕೆ. ಹೀಗಾಗಿ ಊರಲ್ಲಿ ಯಾವ ದೀಪ ಆರಿದರೂ ತಪ್ಪು ಎಣ್ಣೆಯದೇ. ಯಜಮಾನರು "ಹೌದಲೇ" ಎಂದವರೇ ಧೋತರದ ಕಚ್ಚೆ ಬಿಗಿದು ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡರು.

ಆ ಎಣ್ಣೆಯನ್ನು ಹನಿ ಹನಿಯಾಗಿ ಕಾಯ್ದವಳು ನಾನು. ಬೆಳಿಗ್ಗೆ ಬತ್ತಿ ಕತ್ತರಿಸಿ ತುಂಬಿದವಳೂ ನಾನೇ. ಕಂದೀಲನ್ನು ಮೇಲೆಳೆದು ಕಡ್ಡಿ ಗೀರಿದೆ. ಲಕಲಕ ಉರಿಯಿತು. ಮತ್ತೆ ಇಳಿಬಿಟ್ಟೆ. ಮತ್ತೆ ಆರಿತು.

"ಎಣ್ಣಿಗೆ ಮ್ಯಾಲ ಒಂದು ಬುದ್ಧಿ, ಕೆಳಗ ಒಂದು ಬುದ್ಧಿ ಇರ್ತದೇನ್ರಿ?" ಎಂದೆ.

"ಎದಿ ಮ್ಯಾಲ ಲಿಂಗ ಅದ. ನನಗೇನಾಗ್ತದ ಬೇ? ನನ್ನ ಜೀವದ ಜಿಮ್ಮಾ ಜವಾಬ್ದಾರಿ ಎಲ್ಲಾ ನಂದು!"

"ಲಿಂಗಕ್ಕ ಉಸರು ಬೇಕಿಲ್ರಿ, ನಿಮಗ ಬೇಕು. ಕಂದೀಲದ ಜಿಮ್ಮಾ ನಂದು. ಅದು ಬ್ಯಾಡ ಅನ್ನಾಕತ್ತದ."

ಅವರು ಕೇಳುವ ಲಕ್ಷಣ ಕಾಣಲಿಲ್ಲ. ಒಂದು ಕಾಲು ಆಗಲೇ ಹಗೇವಿನ ಬಾಯಿಯೊಳಗಿತ್ತು. ದಡಬಡ ಹೋಗಿ ಅವರ ರಟ್ಟೆ ಹಿಡಿದು, ಗುರಲಿಂಗಣ್ಣನ ಕಡೆ ತಿರುಗಿದೆ.

"ಅಣ್ಣಾ, ಎಣ್ಣೀದs ತಪ್ಪು ಅಂತ ನಿನಗ ಖಾತ್ರಿ ಅದಲ್ಲ? ಹಂಗಾದ್ರ ಮೊದಲ ನೀ ಇಳಿ."

ಗುರಲಿಂಗಣ್ಣ ಹಗೇವನ್ನು ನೋಡಿದ, ಮುಗಿಲನ್ನು ನೋಡಿದ, ಕೊನೆಗೆ ತನ್ನ ಮೊಣಕಾಲನ್ನು ನೋಡಿಕೊಂಡ. "ಮುಂಜಾನಿಂದ ಮಣಕಾಲು ಹಿಡದಾವ ತಂಗೀ."

ಅಂಥ ಪ್ರಯೋಜನದ ಮೊಣಕಾಲು ನೋವನ್ನು ನಾನು ಮತ್ತೆ ಕಂಡಿಲ್ಲ. ಯಜಮಾನರು ಆ ಮೊಣಕಾಲನ್ನು ಬಹಳ ಹೊತ್ತು ದಿಟ್ಟಿಸಿದರು. ಆಮೇಲೆ ಕಾಲು ಹೊರಗೆ ತೆಗೆದು, "ಬಿಸಲು ಭಾಳ ಅದ, ನಾಳೆ ನೋಡೋಣ" ಎಂದು ಹಗ್ಗ ಬಿಚ್ಚಿದರು. ಬಿಸಿಲಿನ ಮೇಲೆ ಹೊರಿಸಿದರೆ ನನಗೇನು? ಹಗ್ಗವನ್ನು ಒಯ್ದು ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟೆ. ಅಂದಿನ ರೊಟ್ಟಿಯ ಹಿಟ್ಟು ಗುರಲಿಂಗಣ್ಣನ ಮನೆಯಿಂದಲೇ ಬಂತು. ತಂದುಕೊಡುವಾಗ ಅವನು ಕುಂಟಲು ಮರೆತಿದ್ದ.

ರಾತ್ರಿಯೆಲ್ಲ ಹಗೇವು ಬಾಯಿ ತೆರೆದುಕೊಂಡು ಗಾಳಿ ಕುಡಿಯಿತು. ಮರುದಿನ ಮುಂಜಾನೆ ಅದೇ ಕಂದೀಲು, ಅದೇ ಎಣ್ಣೆ. ತಳದ ಜೋಳ ಮುಟ್ಟಿದರೂ ಆರಲಿಲ್ಲ. ಯಜಮಾನರು ಇಳಿದರು, ಮೊದಲ ಪುಟ್ಟಿ ತುಂಬಿ ಮೇಲೆ ಬಂತು. ಹೊತ್ತೇರಿ ಹಗೇವಿನೊಳಗೆಲ್ಲ ಬೆಳಕಾಗಿತ್ತು. ಎಣ್ಣೆ ಉಳಿಯಲೆಂದು ನಾನು ಕಂದೀಲಿನ ಹಗ್ಗ ಎಳೆಯಹೋದೆ.

ಒಳಗಿನಿಂದ ಗುಡುಗಿದಂತೆ ಧ್ವನಿ ಬಂತು: "ಕಂದೀಲ ಮುಟ್ಟಬ್ಯಾಡ ಬೇ!"

"ನೀರು ಬೆರಸಿದ ಎಣ್ಣಿ ಅಲ್ಲೇನ್ರಿ ಅದು?"

ಪುಟ್ಟಿಗೆ ಜೋಳ ಸುರಿದ ಸದ್ದು ಬಂತು. ಆಮೇಲೆ, "ಇರ್ಲಿ ಬಿಡು. ಛಲೋ ಉರಿಯಾಕತ್ತದ."

ವಾರಕ್ಕಾಗುವ ಎಣ್ಣೆ ಹಾಡುಹಗಲೇ ಉರಿದುಹೋಯಿತು. ಹನಿ ಚೆಲ್ಲಿದರೆ ದಿನವಿಡೀ ಗೊಣಗುವ ಈ ಪಾಟೀಲ್ತಿ ಅಂದು ದಂಡೆಯ ಮೇಲೆ ಕುಳಿತು ಅದು ಉರಿಯುವುದನ್ನೇ ನೋಡಿದಳು.